ಅಕ್ಕನ ಕೈನೀರು

ಬಸ್ಸು ವೇಣೂರು ದಾಟುವಷ್ಟರಲ್ಲಿ ಲತೇಶನ ಎರಡೂ ಕಣ್ಣುಗಳಿಂದ ನೀರು ಇಳಿಯತೊಡಗಿತ್ತು. ಗಾಳಿಗೆ ಹೀಗಾಗುತ್ತದೆಂದು ಗೊತ್ತಿದ್ದೂ ಅವನು ಕಿಟಕಿಯ ಪಕ್ಕವೇ ಕೂತಿದ್ದ. ಬಾಳೆಲೆಯಲ್ಲಿ ಸುತ್ತಿದ ಮಲ್ಲಿಗೆಯ ಚೆಂಡನ್ನು ಮಡಿಲಲ್ಲಿಟ್ಟುಕೊಂಡು ಪಕ್ಕದಲ್ಲಿ ಕೂತ ಹೆಂಗಸೊಬ್ಬಳು ಮೂಡುಬಿದಿರೆಯಿಂದಲೇ ಅವನನ್ನು ಓರೆಗಣ್ಣಲ್ಲಿ ನೋಡುತ್ತಿದ್ದವಳು, ಈಗ ತಡೆಯಲಾರದೆ ಕೇಳಿದಳು.

"ಯಾರಾದರೂ ತೀರಿಕೊಂಡದ್ದಾ?"

"ಇಲ್ಲ ಮಾರಾಯ್ರೆ. ಕಣ್ಣು ಒಣಗಿದ್ದು."

"ಒಣಗಿದ್ದಾ! ತೋಡಿನ ಹಾಗೆ ಹರಿಯುತ್ತಾ ಉಂಟು, ಒಣಗಿದ್ದು ಅಂತೀರಲ್ಲ. ಇರಲಿ ಬಿಡಿ. ದುಃಖವನ್ನು ಎಲ್ಲರ ಹತ್ತಿರ ಹೇಳ್ಬೇಕು ಅಂತ ಏನಿಲ್ಲ." ಅವನನ್ನು ದಾಟಿ ಕೈ ಚಾಚಿ ಕಿಟಕಿಯ ಗಾಜನ್ನು ಎಳೆದು ಮುಚ್ಚಿದಳು. ಆ ದಯೆಗೆ ಅವನು ಅರ್ಹನಲ್ಲ ಎನ್ನಿಸಿತು. ಅಂಗಿಯ ಜೇಬಿನಲ್ಲಿ ಹನಿಮದ್ದಿನ ಪುಟ್ಟ ಬಾಟಲಿ ಇತ್ತು. ಎರಡು ಹನಿ ಹಾಕಿಕೊಂಡರೆ ಹತ್ತು ನಿಮಿಷದಲ್ಲಿ ನೀರು ನಿಲ್ಲುತ್ತಿತ್ತು. ಕೈ ಜೇಬಿನವರೆಗೆ ಹೋಗಿ, ಬಾಟಲಿಯ ಆಕಾರವನ್ನು ಬಟ್ಟೆಯ ಮೇಲಿಂದಲೇ ಮುಟ್ಟಿ, ಹಿಂದೆ ಬಂತು. ಯಾಕೆ ಹಾಕಿಕೊಳ್ಳಲಿಲ್ಲ ಎಂದು ತನ್ನನ್ನೇ ಕೇಳಿಕೊಂಡ. ಬಸ್ಸು ಕುಲುಕುತ್ತದೆ, ಹನಿ ಮೂಗಿನ ಮೇಲೆ ಬೀಳುತ್ತದೆ ಎಂದು ಉತ್ತರ ಕೊಟ್ಟುಕೊಂಡ. ರಸ್ತೆ ನೆಟ್ಟಗಿತ್ತು, ಬಸ್ಸು ಕುಲುಕುತ್ತಿರಲಿಲ್ಲ.

ಇವತ್ತು ಆಣೆ ಬಿಡಿಸುವ ದಿನ. ಆರು ವರ್ಷಗಳ ಹಿಂದೆ ಅಮ್ಮನ ಹೆಣದ ಮುಂದೆ ನಿಂತು, ಇನ್ನು ಪ್ರೇಮಕ್ಕನ ಕೈಯ ನೀರು ಕುಡಿಯುವುದಿಲ್ಲ ಎಂದು ಕುಟುಂಬದ ದೈವದ ಹೆಸರಿನಲ್ಲಿ ಅವನು ಆಣೆ ಹಾಕಿದ್ದ. ಹೆಸರು ಪ್ರೇಮಾವತಿ, ಒಡಹುಟ್ಟಿದವರು ಎಂದು ಅವನಿಗಿದ್ದವಳು ಅವಳೊಬ್ಬಳೇ. ಈಗ ಅವಳ ಮಗಳು ಸುರಕ್ಷಾಳ ಮದುವೆ ಮೂರು ಸಲ ಮಾತಿನವರೆಗೆ ಬಂದು ಮುರಿದಿತ್ತು. ಜೋಯಿಸರ ಹತ್ತಿರ ಪ್ರಶ್ನೆ ಇಡಿಸಿದಾಗ, ಅಕ್ಕತಮ್ಮನ ನಡುವೆ ಒಂದು ಆಣೆ ಕೂತಿದೆ, ಅದನ್ನು ಇಬ್ಬರೂ ಸೇರಿ ತಪ್ಪುಕಾಣಿಕೆ ಹಾಕಿ ಬಿಡಿಸದೆ ಯಾವ ಶುಭವೂ ಮುಂದೆ ಹೋಗದು ಎಂದು ಬಂತು. ಸೋದರಮಾವ ನಿಂತು ಧಾರೆಯ ಮಂಟಪಕ್ಕೆ ಕರೆದುಕೊಂಡು ಬಾರದೆ ಹುಡುಗಿಯ ಮದುವೆ ಹೇಗಾಗುತ್ತದೆ? ಫೋನಿನಲ್ಲಿ ಪ್ರೇಮಕ್ಕ ಅತ್ತಿದ್ದಳು. ಅವನು, "ಆಯ್ತಕ್ಕ, ಬರ್ತೇನೆ" ಎಂದಿದ್ದ. ತಪ್ಪು ಯಾರದು ಎಂಬ ಮಾತೇ ಬಂದಿರಲಿಲ್ಲ. ಅದು ಅವಳದು ಎಂದು ಕುಟುಂಬದ ಮೂವತ್ತು ಮನೆಗಳೂ ಆರು ವರ್ಷದ ಹಿಂದೆಯೇ ತೀರ್ಮಾನಿಸಿದ್ದವು. ಹಾಗಾಗಿ ಇವನು ಬರುವುದು ದೊಡ್ಡತನವಾಯಿತು, ಅವಳು ಕರೆಯುವುದು ಪಶ್ಚಾತ್ತಾಪವಾಯಿತು.

ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನ ಎದುರಿನ ಮಹಡಿಯಲ್ಲಿ, ಮಜೀದ್ ಬ್ಯಾರಿಗಳ ಪ್ರೆಸ್ಸಿನಲ್ಲಿ, ಅವನು ಕಂಪ್ಯೂಟರಿನ ಮುಂದೆ ಕೂತು ಆಮಂತ್ರಣ ಪತ್ರಗಳನ್ನು ಜೋಡಿಸುವ ಕೆಲಸಕ್ಕೆ ಸೇರಿ ಎಂಟು ವರ್ಷ. ಮದುವೆ, ಗೃಹಪ್ರವೇಶ, ಉತ್ತರಕ್ರಿಯೆ, ಮತ್ತೆ ಮದುವೆ. ನೆತ್ತಿಯ ಮೇಲೆ ಏಸಿ. ಅಕ್ಷರದ ಒತ್ತು ತಪ್ಪಬಾರದೆಂದು ರೆಪ್ಪೆ ಬಡಿಯುವುದನ್ನೂ ಮರೆತು ನೋಡುತ್ತಿದ್ದ. ಮೊದಲು ಮರಳು ಬಿದ್ದ ಹಾಗೆ ಚುಚ್ಚಿತು, ಆಮೇಲೆ ಉರಿಯಿತು, ಆಮೇಲೆ ಸುರಿಯಿತು. "ಏನು ಮಾರಾಯ, ಸಾವಿನ ಬೊಜ್ಜದ ಕಾಗದಕ್ಕೆ ಅತ್ತರೆ ಒಂದು ಮರ್ಯಾದೆ. ಮದುವೆ ಕಾಗದಕ್ಕೂ ಅಳ್ತೀಯಲ್ಲ! ಗಿರಾಕಿಗಳು ಓಡಿಹೋಗ್ತಾರೆ," ಎಂದು ಬ್ಯಾರಿಗಳು ನಗುತ್ತ, ತಾವೇ ಕಣ್ಣಿನ ಡಾಕ್ಟರಲ್ಲಿಗೆ ಕಳಿಸಿದ್ದರು.

ಡಾಕ್ಟರ್ ಫರ್ಹಾನ ಚಿಕ್ಕ ಪ್ರಾಯದವರು. ಕಣ್ಣಿನ ಕೆಳರೆಪ್ಪೆಯೊಳಗೆ ಕಾಗದದ ಸಣ್ಣ ಪಟ್ಟಿಯೊಂದನ್ನು ಸಿಕ್ಕಿಸಿ ಐದು ನಿಮಿಷ ಕೂರಿಸಿದರು. ತೆಗೆದಾಗ ಪಟ್ಟಿ ಹೆಚ್ಚುಕಡಿಮೆ ಒಣಗಿಯೇ ಇತ್ತು. "ನೋಡಿ, ನಿಮ್ಮ ಕಣ್ಣಿನಲ್ಲಿ ನೀರೇ ಇಲ್ಲ," ಎಂದಾಗ ಅವನು, ಮತ್ತೆ ಇದು ಎಲ್ಲಿಂದ ಸುರಿಯುತ್ತದೆ ಎಂದು ಕೇಳಿದ್ದ. "ಅದು ಬೇರೆ ನೀರು. ಕಣ್ಣಿನ ಮೇಲೆ ಯಾವಾಗಲೂ ಒಂದು ತೆಳು ಪದರ ಇರ್ತದೆ. ಸ್ವಲ್ಪ ನೀರು, ಸ್ವಲ್ಪ ಎಣ್ಣೆ, ಸ್ವಲ್ಪ ಲೋಳೆ. ರೆಪ್ಪೆ ಬಡಿದಾಗಲೆಲ್ಲ ಅದು ನೆಲ ಒರೆಸಿದ ಹಾಗೆ ಹರಡಿ, ಧೂಳು ತೊಳೆದು, ಕಣ್ಣನ್ನು ಕಾಯ್ತದೆ. ಅದು ಒಣಗಿದರೆ ಕಣ್ಣಿಗೆ ಗಾಬರಿಯಾಗ್ತದೆ. ಗಾಬರಿಯಲ್ಲಿ ಲೆಕ್ಕವಿಲ್ಲದೆ ಸುರಿಸ್ತದೆ. ಆ ನೀರು ನಿಲ್ಲುವುದಿಲ್ಲ, ಕೆನ್ನೆಗೆ ಇಳಿದು ಹೋಗ್ತದೆ. ಕಣ್ಣಿಗೆ ಉಪಕಾರ ಇಲ್ಲ." ಆಮೇಲೆ ಗೋಡೆಯ ಚಿತ್ರದಲ್ಲಿ ಕಣ್ಣಿನ ಮುಂಭಾಗದ ಗಾಜಿನಂಥ ಭಾಗಕ್ಕೆ ಪೆನ್ನು ತೋರಿಸಿ, "ಇದಕ್ಕೆ ರಕ್ತನಾಳ ಇಲ್ಲ. ಉಸಿರಾಡುವುದೇ ಕಣ್ಣೀರಿನ ಮೂಲಕ. ಕಣ್ಣುದಾನ ಅಂತೀರಲ್ಲ, ಇನ್ನೊಬ್ಬರಿಗೆ ಹಾಕುವುದು ಇದನ್ನೇ, ಇಷ್ಟೇ," ಎಂದಿದ್ದರು. ಅವರಿಗೆ ಅದು ದಿನವೂ ಹೇಳುವ ಮಾತು. ಅವನಿಗೆ ಕುರ್ಚಿಯ ಕೈ ಹಿಡಿದುಕೊಳ್ಳಬೇಕಾಯಿತು. ಇಷ್ಟೇ. ಈರುಳ್ಳಿಯ ಒಳಸಿಪ್ಪೆಯಷ್ಟು.

ದಿನಕ್ಕೆ ನಾಲ್ಕು ಸಲ ಹನಿಮದ್ದು. ಫ್ಯಾನು ಮುಖಕ್ಕೆ ಬೀಸಬಾರದು. ಇಪ್ಪತ್ತು ನಿಮಿಷಕ್ಕೊಮ್ಮೆ ತಲೆಯೆತ್ತಿ ಇಪ್ಪತ್ತು ಅಡಿ ದೂರದ್ದನ್ನು ಇಪ್ಪತ್ತು ಸೆಕೆಂಡು ನೋಡಬೇಕು, ರೆಪ್ಪೆಯನ್ನು ಪೂರ್ತಿ ಮುಚ್ಚಿ ತೆರೆಯಬೇಕು. ಪ್ರೆಸ್ಸಿನ ಕಿಟಕಿಯಿಂದ ಅಷ್ಟು ದೂರಕ್ಕೆ ಕಾಣುತ್ತಿದ್ದದ್ದು ನಿಂತ ಬಸ್ಸುಗಳ ಬೋರ್ಡುಗಳು ಮಾತ್ರ. ಇಪ್ಪತ್ತು ನಿಮಿಷಕ್ಕೊಮ್ಮೆ ಅಕ್ಕನ ಊರು, ಬೆಳ್ತಂಗಡಿ, ಬೆಳ್ತಂಗಡಿ. ರಾತ್ರಿ ಊಟಕ್ಕೆ ಮೊದಲು ಹೆಂಡತಿ ವಿಜೇತಾ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಮುಚ್ಚಿದ ರೆಪ್ಪೆಗಳ ಮೇಲೆ ಇಡುತ್ತಿದ್ದಳು. ರೆಪ್ಪೆಯ ಅಂಚಿನಲ್ಲಿ ಹೆಪ್ಪುಗಟ್ಟಿದ ಎಣ್ಣೆ ಕರಗಲಿ ಎಂದು. ಆ ಬಿಸಿ ಕತ್ತಲಿನಲ್ಲಿ ಅವನು ಮಲಗಿರುವಾಗ, ಅಮ್ಮನ ಕಣ್ಣುಗಳ ಮೇಲೆ ಇಟ್ಟಿದ್ದ ಹತ್ತಿಯ ಎರಡು ಉಂಡೆಗಳು ತನ್ನ ಕಣ್ಣಿನ ಮೇಲೆಯೇ ಇರುವ ಹಾಗೆ ಅನ್ನಿಸಿ, ತೆಗೆ, ತೆಗೆ ಎಂದು ಕೂಗಿದ್ದ. "ಬಿಸಿ ಜಾಸ್ತಿಯಾಯ್ತಾ?" ಎಂದು ವಿಜೇತಾ ಪಾಪ ಬಟ್ಟೆಗೆ ತಣ್ಣೀರು ಬೆರೆಸಿದ್ದಳು.

ಬೆಳ್ತಂಗಡಿಯಲ್ಲಿ ಇಳಿದು ರಿಕ್ಷಾ ಹಿಡಿದ. ಮೂಡುಬಿದಿರೆಗೆ ಬರುವ ಮೊದಲು ಅವನು ಪಾಣೆಮಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದ, ಅಮ್ಮ ಅವನ ಜೊತೆಗಿದ್ದಳು. ಶಾಲೆಯಲ್ಲಿ ಕಣ್ಣಿನ ಶಿಬಿರವಾಗಿ, ಅಮ್ಮನ ಪೊರೆ ತೆಗೆದಿದ್ದರು. ಪಟ್ಟಿ ಬಿಚ್ಚಿದ ದಿನ ಅಮ್ಮ ಮೆಟ್ಟಿಲಲ್ಲಿ ಕೂತು ಎದುರಿನ ಮನೆಯ ದಾಸವಾಳವನ್ನು ಎಣಿಸಿದ್ದಳು, ಹನ್ನೊಂದು. ಆಮೇಲೆ ಒಂದು ಕಾಗದ ತಂದಳು. ಸತ್ತ ಮೇಲೆ ಕಣ್ಣು ಕೊಡುತ್ತೇನೆ ಎಂಬ ಕಾಗದ. ಅಕ್ಷರ ಕಲಿಯುವ ಕ್ಲಾಸಿಗೆ ಹೋಗಿ ಕಲಿತ ಸಹಿ, ಅಪ್ಪಿ ಎಂಬ ಎರಡೇ ಅಕ್ಷರ, ನೀಲಿ ಶಾಯಿಯಲ್ಲಿ ಮೇಲಕ್ಕೆ ಏರಿಕೊಂಡು ಹೋಗಿತ್ತು. "ನೀನೂ ಒಂದು ರುಜು ಹಾಕಿ ಪೋಸ್ಟಿಗೆ ಹಾಕು ಮಗ. ಕಾರ್ಡು ಬರ್ತದಂತೆ." ಆಯ್ತಮ್ಮ ಎಂದು ತೆಗೆದುಕೊಂಡು ಹೊರಟವನು, ಪೋಸ್ಟಾಫೀಸು ದಾಟಿ ಹಳೆಯ ಸೇತುವೆಯ ನಡುವೆ ಬಂದು ನಿಂತಿದ್ದ. ಕೆಳಗೆ ನೇತ್ರಾವತಿ ಕೆಂಪಾಗಿ ಹರಿಯುತ್ತಿದ್ದಳು. ಕಣ್ಣು ಕಿತ್ತು ಕಳಿಸಿದರೆ ಅಮ್ಮ ಆ ಲೋಕದಲ್ಲಿ ತಡಕಾಡುತ್ತ ನಡೆಯಬೇಕಲ್ಲ ಎಂದು ಅವನಿಗೆ ಅನ್ನಿಸಿತು. ಕಾಗದವನ್ನು ನಾಲ್ಕಾಗಿ ಹರಿದು ನೀರಿಗೆ ಬಿಟ್ಟ. ಅದು ಕ್ರೌರ್ಯವಲ್ಲ, ಅದರಲ್ಲಿ ಪ್ರೀತಿಯೂ ಇತ್ತು ಎಂದು ಅವನು ಈಗಲೂ ದೇವರ ಮುಂದೆ ಹೇಳಬಲ್ಲ. ಆದರೆ ಮನೆಗೆ ಬಂದು "ಹಾಕಿದೆಯಾ?" ಎಂಬ ಪ್ರಶ್ನೆಗೆ "ಹಾಕಿದೆ" ಎಂದದ್ದು? ಪೋಸ್ಟ್‌ಮ್ಯಾನ್ ಬಂದಾಗಲೆಲ್ಲ ಅಮ್ಮ "ಕಾರ್ಡು ಬಂತಾ?" ಎಂದು ಎದ್ದು ನಿಲ್ಲುವಾಗ, "ಸರಕಾರದ ಕೆಲಸ, ತಡ ಆಗ್ತದೆ" ಎಂದದ್ದು?

ಆಮೇಲೆ ಅವನು ಕೆಲಸಕ್ಕೆಂದು ಮೂಡುಬಿದಿರೆಗೆ ಬಂದಾಗ, ಅಲ್ಲಿಯ ಮನೆ ಚಿಕ್ಕದೆಂದು ಅಮ್ಮ ಅಕ್ಕನಲ್ಲಿಗೆ ಹೋದಳು. ಅಲ್ಲೇ ತೀರಿಕೊಂಡಳು. ಅವನು ಬರುವಷ್ಟರಲ್ಲಿ ಆಸ್ಪತ್ರೆಯವರು ಬಂದು ಕಣ್ಣು ತೆಗೆದುಕೊಂಡು ಹೋಗಿದ್ದರು, ಹತ್ತಿ ಇಟ್ಟಾಗಿತ್ತು, ಅಂಗಳದಲ್ಲಿ ಗುಸುಗುಸು ಎದ್ದಿತ್ತು. ಪ್ರೇಮಕ್ಕ ಅಳುತ್ತ ಅವನ ಕೈ ಹಿಡಿದು ಎಲ್ಲರಿಗೂ ಕೇಳುವ ಹಾಗೆ, "ಅಮ್ಮನ ಆಸೆ ಅದು. ಲತೇಶನಿಗೂ ಗೊತ್ತುಂಟು. ಕಾಗದ ಕಳಿಸಿದ್ದೇ ಅವನು. ಕೇಳಿ ಬೇಕಾದರೆ," ಎಂದಳು. ಎಲ್ಲರ ಮುಖಗಳೂ ಅವನ ಕಡೆ ತಿರುಗಿದವು. ಒಂದು ಹೌದು ಸಾಕಿತ್ತು. ಹೌದು ಎಂದರೆ, ಕಳಿಸಿದೆಯಾ ಎಂದು ಕೇಳುತ್ತಾರೆ. ಕಳಿಸಲಿಲ್ಲ ಎಂದರೆ, ಯಾಕೆ ಎಂದು ಕೇಳುತ್ತಾರೆ. "ಯಾವ ಕಾಗದ? ನನಗೆ ಯಾವ ಕಾಗದವೂ ಗೊತ್ತಿಲ್ಲ," ಎಂದುಬಿಟ್ಟ. ಸುಳ್ಳು ಒಂಟಿಯಾಗಿ ನಿಲ್ಲಲಾರದೆ ನಡುಗಿದಾಗ ಅದಕ್ಕೆ ಆಧಾರವಾಗಿ ಆಣೆಯ ಗೂಟ ನೆಟ್ಟ. ದೈವದ ಹೆಸರು ಕೇಳಿದ ಮೇಲೆ ಯಾರು ಅನುಮಾನಿಸುತ್ತಾರೆ? ಅಂದಿನಿಂದ ಪ್ರೇಮಕ್ಕ ಹೆತ್ತವಳ ಕಣ್ಣು ಕೀಳಿಸಿದವಳಾದಳು. ಹೆಣ್ಣು ನೋಡಲು ಬಂದವರ ಕಿವಿಗೂ ಆ ಮಾತು ಮುಟ್ಟುತ್ತಿತ್ತು. ಅದಕ್ಕೆ ಜೋಯಿಸರೇ ಬೇಕಿರಲಿಲ್ಲ.

ದೈವದ ಗುಡಿಯ ಮುಂದೆ ಹದಿನೈದು ಇಪ್ಪತ್ತು ಜನ ಸೇರಿದ್ದರು. ಕುಟುಂಬದ ಹಿರಿಯ, ಗುಡಿಯ ಕೆಲಸ ನೋಡಿಕೊಳ್ಳುವ ಅಣ್ಣು ಮಾವ, ಎಂಬತ್ತರ ಪ್ರಾಯದಲ್ಲೂ ನೆಟ್ಟಗೆ ನಿಂತು ಧೂಪ ಹಾಕುತ್ತಿದ್ದರು. ಪ್ರೇಮಕ್ಕ ಆರು ವರ್ಷಕ್ಕೆ ಹದಿನಾರು ವರ್ಷ ಮುದುಕಿಯಾಗಿದ್ದಳು. ಹಳದಿ ಬಟ್ಟೆಯಲ್ಲಿ ಕಟ್ಟಿದ ಕಾಣಿಕೆಯನ್ನು ಇಬ್ಬರ ಕೈಯಲ್ಲೂ ಹಿಡಿಸಿ ಅಣ್ಣು ಮಾವ ದೈವಕ್ಕೆ ಅರಿಕೆ ಮಾಡತೊಡಗಿದರು: ತಿಳಿದೋ ತಿಳಿಯದೆಯೋ ಮಕ್ಕಳ ಬಾಯಿಂದ ಒಂದು ಮಾತು ಬಂದಿದೆ, ಕಟ್ಟಿದ ಗಂಟನ್ನು ಬಿಚ್ಚಬೇಕು, ಬಿಟ್ಟ ನೀರನ್ನು ಮತ್ತೆ ಕೂಡಿಸಬೇಕು. ಧೂಪದ ಹೊಗೆ ಗುಡಿಯೊಳಗಿಂದ ಉರುಳುರುಳಾಗಿ ಬಂದು ಲತೇಶನ ಮುಖಕ್ಕೆ ಹೊಡೆಯಿತು. ಕಣ್ಣು ಉರಿದು ನೀರು ಧಾರೆಧಾರೆಯಾಗಿ ಇಳಿಯಿತು. ಕೆನ್ನೆ, ಗಲ್ಲ, ಎದೆಯ ಮೇಲಿನ ಅಂಗಿ. ಒರೆಸಲು ಕೈ ಇಲ್ಲ, ಕೈಯಲ್ಲಿ ಕಾಣಿಕೆ. ಹಿಂದೆ ಯಾರೋ ಹೆಂಗಸು ಮೂಗು ಸೀಟಿದಳು. ಅಣ್ಣು ಮಾವ ಅರಿಕೆ ನಿಲ್ಲಿಸಿದರು. "ನೋಡಿ. ಬಾಯಲ್ಲಿ ಹೇಳುವುದು ಬೇಡ. ದೈವ ನೋಡಿ ಆಯ್ತು," ಎಂದು ಗಂಧ ಪ್ರಸಾದವನ್ನು ಇವನ ಹಣೆಗೆ ತಾವೇ ಹಚ್ಚಿದರು. ಒಳಗೆ ಮಾತ್ರ, ಹೊರಗೆ ಮಳೆ ಸುರಿಯುವಾಗ ಹೆಂಚಿನ ಕೆಳಗಿನ ಕೋಣೆಯಂತೆ, ಎಲ್ಲವೂ ಒಣಗಿತ್ತು. ದೈವವೇ, ಇದು ಅದಲ್ಲ ಎಂದು ಅವನು ಹೇಳಲು ನೋಡಿದ. ದೈವಕ್ಕೆ ಗೊತ್ತಿರದೆ ಇರುತ್ತದೆಯೇ? ಗೊತ್ತಿದ್ದೂ ಸುಮ್ಮನಿರುವುದು ಯಾವ ಬಗೆಯ ಶಿಕ್ಷೆ?

ಗುಡಿಯಿಂದ ಅಕ್ಕನ ಮನೆಗೆ ಗದ್ದೆಯ ಅಂಚಿನಲ್ಲಿ ಒಂದು ಫರ್ಲಾಂಗು. ಜನ ಮುಂದೆ ಹೋಗಲು ಬಿಟ್ಟು ಪ್ರೇಮಕ್ಕ ಅವನ ಜೊತೆ ಹಿಂದೆ ಉಳಿದಳು.

"ಅಳಬೇಡ ಮಾರಾಯ. ನೀನು ಅಷ್ಟು ಅಳುವುದನ್ನು ನೋಡಿ ನನಗೇ ಒಂಥರಾ ಆಯ್ತು," ಎಂದಳು. "ತಪ್ಪು ನನ್ನದೇ. ಅಮ್ಮನಿಗೆ ಕಡೆಗೆ ಅರಳುಮರಳು ಆಗಿತ್ತು. ನೀನು ಕಾಗದ ಕಳಿಸಿದ್ದಿ, ಕಾರ್ಡು ಬರ್ತದೆ ಅಂತ ಏನೇನೋ ಹೇಳ್ತಿದ್ದರು. ನಾನು ಅದನ್ನೇ ನಿಜ ಅಂತ ಗ್ರಹಿಸಿ, ಕೊಡಬಾರದ್ದನ್ನು ಕೊಟ್ಟುಬಿಟ್ಟೆ. ತಲೆ ಸರಿ ಇಲ್ಲದವರ ಮಾತು ಕೇಳ್ಬಾರದಿತ್ತು."

ಅವನು ನಿಂತ. ಅಮ್ಮನ ತಲೆ ಸರಿಯಿತ್ತು. ದಾಸವಾಳ ಹನ್ನೊಂದೇ ಇದ್ದವು, ಅವನೂ ಎಣಿಸಿದ್ದ. ಅಕ್ಕನ ಹೆಸರು ಕೆಡಿಸಿದ್ದು, ಹುಡುಗಿಯ ಮದುವೆ ತಪ್ಪಿಸಿದ್ದು ಇವನ್ನೆಲ್ಲ ಅವನು ಆರು ವರ್ಷ ಒಳಗೇ ಲೆಕ್ಕಹಾಕಿ ಇಟ್ಟಿದ್ದ. ಆದರೆ ಸತ್ತವಳನ್ನು ಹುಚ್ಚಿ ಮಾಡಿದ್ದು ಅವನ ಗಮನಕ್ಕೇ ಬಂದಿರಲಿಲ್ಲ. "ಅಕ್ಕ," ಎಂದ.

"ಏನು?"

"ಕಣ್ಣು ಉರಿಯುತ್ತಾ ಉಂಟು."

"ಬಾ, ಮನೆಯಲ್ಲಿ ತೊಳೆಯುವ," ಎಂದು ಅವಳು ಚಿಕ್ಕಂದಿನಲ್ಲಿ ಶಾಲೆಗೆ ಕರೆದೊಯ್ಯುತ್ತಿದ್ದಂತೆ ಅವನ ಮಣಿಕಟ್ಟು ಹಿಡಿದು ಮುಂದೆ ನಡೆದಳು.

ಅಂಗಳದಲ್ಲಿ ಚಪ್ಪರ, ಎರಡು ಸಾಲು ಎಲೆ. ಗಂಡಸರ ಸಾಲಿನ ತುದಿಯಲ್ಲಿ ಅಣ್ಣು ಮಾವ, ಪಕ್ಕದಲ್ಲಿ ಅವನನ್ನು ಕೂರಿಸಿದರು. ಕುಚ್ಚಲಕ್ಕಿ ಅನ್ನ, ಸೌತೆಕಾಯಿ ಸಾಂಬಾರು ಬಂತು. ಮೊದಲು ಪ್ರೇಮಕ್ಕ ನೀರಿನ ಚೆಂಬು ತಂದು ಅವನ ಲೋಟಕ್ಕೆ ಬಗ್ಗಿಸಬೇಕು, ಅವನು ಕುಡಿಯಬೇಕು, ಆಗ ಆಣೆ ಪೂರ್ತಿ ಬಿಟ್ಟಂತೆ. ಎಲ್ಲರೂ ಕೈಯನ್ನು ಎಲೆಯ ಮೇಲಿಟ್ಟು ಕಾಯುತ್ತಿದ್ದರು. ಅವಳು ಚೆಂಬು ಹಿಡಿದು ಬಂದಳು. ಮುಖದಲ್ಲಿ ಎಂದೋ ಕಳೆದ ಒಂದು ಬೆಳಕು ಇತ್ತು. ಆ ಬೆಳಕು ಅವನನ್ನು ಹೆದರಿಸಿತು.

"ಅಕ್ಕ, ನಿಲ್ಲು," ಎಂದ. "ಮೊದಲು ನನಗೆ ಒಂದು ಮಾತು ಹೇಳ್ಲಿಕ್ಕುಂಟು. ಅಮ್ಮನಿಗೆ ಅರಳುಮರಳು ಇರಲಿಲ್ಲ. ಕಾಗದ ಇತ್ತು. ಅಮ್ಮ ರುಜು ಹಾಕಿ ನನ್ನ ಕೈಯಲ್ಲೇ ಕೊಟ್ಟದ್ದು. ನಾನು ಕಳಿಸಲಿಲ್ಲ. ಪಾಣೆಮಂಗಳೂರು ಸೇತುವೆಯಲ್ಲಿ ಹರಿದು ಹೊಳೆಗೆ ಬಿಸಾಡಿದೆ. ಆ ದಿನ ಇಲ್ಲಿ ಸುಳ್ಳು ಹೇಳಿದ್ದು ನಾನು."

ಅಣ್ಣು ಮಾವ ನಿಟ್ಟುಸಿರಿಟ್ಟರು. ಅವರ ಕಣ್ಣು ತುಂಬಿತ್ತು.

"ನೋಡಿ. ನೋಡಿ ಎಲ್ಲರೂ. ತಮ್ಮ ಅಂದರೆ ಇದು. ಅಕ್ಕನ ತಪ್ಪು ಯಾರ ಬಾಯಲ್ಲೂ ಬರಬಾರದು ಅಂತ ತನ್ನ ತಲೆ ಮೇಲೆ ಎಳ್ಕೊಂಡ."

"ಅಲ್ಲ ಮಾವ. ನಿಜ ಹೇಳ್ತಾ ಇದ್ದೇನೆ."

"ಹೌದಪ್ಪ, ನಿಜ. ಅಕ್ಕನ ಮಗಳ ಮದುವೆ ಆಗ್ಬೇಕಲ್ಲ. ನಮಗೆ ಅರ್ಥ ಆಗ್ತದೆ."

"ಮಾವ, ದೈವದ ಆಣೆ..."

"ಸಾಕು!" ಮುದುಕರು ಗದರಿದರು. "ಒಂದು ಆಣೆ ಬಿಡಿಸಿ ಕೈ ತೊಳೆಯಲಿಲ್ಲ, ಇನ್ನೊಂದಾ? ನಿನ್ನ ಮುಖ ನೋಡಿದರೆ ಸಾಕು. ಅಳು ನಿಲ್ಲಿಸು, ಊಟ ಮಾಡು."

ಆಚೆ ಸಾಲಿನಲ್ಲಿ ಯಾರೋ, "ಇಂಥ ತಮ್ಮ ಸಿಗಬೇಕಾದರೆ ಪುಣ್ಯ ಬೇಕು," ಎಂದರು. ಅವನು ಎರಡೂ ಅಂಗೈಯಿಂದ ಮುಖ ಒರೆಸಿಕೊಂಡ. ಒರೆಸಿದಷ್ಟೂ ಉರಿ ಹೆಚ್ಚಿ, ನೀರು ಹೆಚ್ಚಿ, ಅವನ ಪ್ರತಿ ಮಾತನ್ನೂ ಬಾಯಿಂದ ಹೊರಬರುವ ಮೊದಲೇ ತೊಳೆದು ಬೇರೆ ಮಾಡಿಬಿಡುತ್ತಿತ್ತು. ಇದು ಅಳುವಲ್ಲ, ರೋಗ, ಜೇಬಿನಲ್ಲಿ ಮದ್ದು ಉಂಟು ಎಂದು ಬಾಟಲಿಯನ್ನು ತೆಗೆದು ತೋರಿಸಿದ. ಅದಕ್ಕೂ ಅವರು, ಅತ್ತು ಅತ್ತು ಪಾಪ ಕಣ್ಣೇ ಕೆಟ್ಟಿದೆ ಎಂದರು.

ಪ್ರೇಮಕ್ಕ ಮಾತ್ರ ನಿಂತಲ್ಲೇ ನಿಂತಿದ್ದಳು.

"ರುಜು ಹೇಗಿತ್ತು?" ಎಂದಳು. ದನಿ ಅವನಿಗೆ ಮಾತ್ರ ಕೇಳುವಷ್ಟಿತ್ತು.

"ನೀಲಿ ಶಾಯಿ. ಮೇಲಕ್ಕೆ ಹೋಗಿತ್ತು."

ಅಮ್ಮನ ರುಜು ಹಾಗೆಯೇ ಎಂಬಂತೆ ಅವಳು ತಲೆಯಾಡಿಸಿದಳು. ಚೆಂಬಿನೊಳಗಿನ ನೀರನ್ನು ನೋಡುತ್ತ ಹೇಳಿದಳು, "ಕಡೆಯ ದಿನದವರೆಗೆ ಕೇಳ್ತಿದ್ದರು, ಕಾರ್ಡು ಬಂತಾ ಅಂತ. ಪೋಸ್ಟಿನವನ ಸೈಕಲ್ ಬೆಲ್ ಕೇಳಿದರೆ ಸಾಕು, ಗೋಡೆ ಹಿಡಿದು ಏಳ್ತಿದ್ದರು. ಒಂದು ದಿನ ಬಿದ್ದರು. ನಾನು ಬೈದೆ. ಬಾರದ ಕಾರ್ಡಿಗೆ ಎಷ್ಟು ಕಾಯ್ತೀರಿ, ನಿಮಗೆ ಮರ್ಲು ಅಂತ. ಅದರ ಮೇಲೆ ಅವರು ಕೇಳಲಿಲ್ಲ. ಬಾಗಿಲ ಕಡೆ ನೋಡ್ತಿದ್ದರು, ಅಷ್ಟೇ."

ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ, ಕಣ್ಣಿನಲ್ಲಿ ಒಂದು ಹನಿಯೂ ಇರಲಿಲ್ಲ. ತಾಯಿಯನ್ನು ಈಗ ತಾನೆ ಮರಳಿ ಪಡೆದವಳಂತೆ, ಪಡೆದ ಗಳಿಗೆಯಲ್ಲೇ ಆ ತಾಯಿಗೆ ತಾನು ಆಡಿದ ಮಾತನ್ನು ಕೇಳಿಸಿಕೊಂಡವಳಂತೆ, ಅವಳು ಎಲ್ಲೋ ದೂರ ನೋಡುತ್ತಿದ್ದಳು.

"ಬಗ್ಗಿಸು ಮಗಳೇ," ಎಂದರು ಅಣ್ಣು ಮಾವ. "ಅನ್ನ ಆರುತ್ತದೆ. ಮಕ್ಕಳೆಲ್ಲ ಕಾಯ್ತಿದ್ದಾವೆ."

ಅವಳು ಅಣ್ಣು ಮಾವನ ಲೋಟಕ್ಕೆ ನೀರು ಬಗ್ಗಿಸಿದಳು. ಲತೇಶನ ಎಲೆಯನ್ನು ದಾಟಿ ಆಚೆಯವನ ಲೋಟಕ್ಕೆ, ಅವನ ಆಚೆಯವನಿಗೆ, ಸಾಲಿನ ಕೊನೆಯವರೆಗೆ ಒಂದು ಹನಿ ಚೆಲ್ಲದೆ ಬಗ್ಗಿಸುತ್ತ ಹೋದಳು. ಆಮೇಲೆ ತಿರುಗಿ ಬಂದು, ಉಳಿದ ನೀರಿನ ಚೆಂಬನ್ನು ಅವನ ಎಲೆಯ ಪಕ್ಕದಲ್ಲಿ ನೆಲದ ಮೇಲೆ ಇಟ್ಟಳು.

"ಸುರಕ್ಷಾಳ ಮದುವೆಗೆ ಬಾ," ಎಂದಳು. "ಮಂಟಪಕ್ಕೆ ನೀನೇ ಕರ್ಕೊಂಡು ಬರ್ಬೇಕು. ನೀರು ನೀನೇ ಹಾಕ್ಕೊ."

ಅವಳು ಒಳಗೆ ಹೋದಳು. ಅಕ್ಕನ ಚೆಂಬು ಅವನ ಎಲೆಯ ಬಳಿ ಇರುವುದಷ್ಟನ್ನೇ ಕಂಡ ಸಾಲಿನವರು ಅವನ ಕಡೆ ನೋಡಿ, ಪ್ರೀತಿಯಿಂದ, ಮೊದಲ ತುತ್ತಿಗೆ ಕಾಯುತ್ತಿದ್ದರು.